ಕಡಲಹೂವಿಗೆ ಡ್ರಿಪ್

ಬಸವೇಶ್ವರನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಕಾಂಪೌಂಡರ್ ಆಗಿದ್ದ ಗಂಗಾಧರಯ್ಯನವರು ಬೇರೆಯವರ ವಿಷಯಕ್ಕೆ ತಲೆ ಹಾಕಿದವರಲ್ಲ. ಅಂಥವರ ತಲೆ ಕೆಡಿಸಿದ್ದು ಒಂದು ಗಾಜಿನ ತೊಟ್ಟಿ. ೧೯೮೬ರಲ್ಲಿ ಡಾಕ್ಟರ್ ಬಸವಲಿಂಗಪ್ಪನವರು ಹುಬ್ಬಳ್ಳಿಗೆ ಹೊರಟಾಗ, ಮದ್ರಾಸಿನಿಂದ ತಂದು ಸಾಕಿದ್ದ ಸಮುದ್ರದ ಜೀವಗಳನ್ನು ತೊಟ್ಟಿಯ ಸಮೇತ ಇವರಿಗೆ ಒಪ್ಪಿಸಿದರು. ಒಳಗೆ ಹವಳದ ಕಲ್ಲು, ಕಲ್ಲಿಗೆ ಕಚ್ಚಿಕೊಂಡು ಬೆರಳುಗಳನ್ನು ಆಡಿಸುವ ಒಂದು ಕಡಲಹೂವು, ಅದರ ಮಡಿಲಲ್ಲಿ ಎರಡು ಕಿತ್ತಳೆ ಬಣ್ಣದ ಮೀನು.

"ಹೂವು ಅಂತೀವಿ, ಆದ್ರೆ ಅದೂ ಜೀವಾನೇ. ನಿಮ್ಮ ಕೈಲಾದ್ರೆ ಉಳಿಯುತ್ತೆ ಗಂಗಾಧರಯ್ಯ," ಎಂದಿದ್ದರು ಡಾಕ್ಟರು. ಆ ಒಂದು ಮಾತಿಗೆ ಇವರು ವಾರವಿಡೀ ಎದೆಯುಬ್ಬಿಸಿ ಓಡಾಡಿದರು.

ಮೂರು ದಿನಕ್ಕೊಮ್ಮೆ ಸ್ವಲ್ಪ ಹಳೆಯ ನೀರು ತೆಗೆದು, ಉಪ್ಪಿನ ಪುಡಿ ಕಲಸಿದ ಹೊಸ ನೀರು ಹಾಕಬೇಕು. ಅಷ್ಟರಲ್ಲಿ ಹರ್ನಿಯಾ ಆಪರೇಷನ್ ಆಯಿತು, ಬಕೆಟ್ ಎತ್ತುವಂತಿಲ್ಲ. ಕಾಂಪೌಂಡರ್ ಬುದ್ಧಿ ಡ್ರಿಪ್ಪಿನ ಕಡೆಗೇ ಓಡಿತು. ಕಲ್ಲುಚಪ್ಪಡಿಯ ಮೇಲೆ, ನರ್ಸಿಂಗ್ ಹೋಮಿನ ಹುಡುಗನಿಂದ ತುಂಬಿಸಿದ ಉಪ್ಪುನೀರಿನ ಡ್ರಮ್ಮು, ಅಲ್ಲಿಂದ ಒಂದು ಗ್ಲೂಕೋಸ್ ಕೊಳವೆ ತೊಟ್ಟಿಗೆ. ತೊಟ್ಟಿಯಿಂದ ಇನ್ನೊಂದು ಬಚ್ಚಲಿಗೆ. ನಿಮಿಷಕ್ಕೆ ಅರವತ್ತು ಹನಿ ಒಳಗೆ, ಅರವತ್ತು ಹನಿ ಹೊರಗೆ. ತುಂಬಿದ ಡ್ರಮ್ಮು ಹತ್ತು ದಿನಕ್ಕೆ ಸಾಕು. ಬೀದಿಯವರೆಲ್ಲ ಬಂದು ನೋಡಿದರು. ಇವರು ಗಡಿಯಾರ ಹಿಡಿದು ಹನಿ ಎಣಿಸಿ ತೋರಿಸಿದರು. ಹೆಂಡತಿ ಕಲ್ಯಾಣಮ್ಮ ಎಲ್ಲರಿಗೂ ಕಾಫಿ ಕೊಟ್ಟರು.

ಐದನೆಯ ದಿನ ಕಡಲಹೂವು ಮುದುಡಿತು. ಗಂಗಾಧರಯ್ಯನವರು ಗಡಿಯಾರ ಹಿಡಿದು ಕೂತರು. ಹನಿ ಎಣಿಸಿದರು, ಸರಿಯಾಗಿತ್ತು. ಉಪ್ಪು ಅಳೆಯುವ ಗಾಜಿನ ಬುರುಡೆ ಬಿಟ್ಟರು, ಉಪ್ಪು ಕಮ್ಮಿಯಾಗಿದೆ ಎಂಬಂತೆ ಎಂದಿಗಿಂತ ಆಳಕ್ಕೆ ಇಳಿಯಿತು. ಉಪ್ಪು ತೂಗಿ ಹಾಕಿದವನು ನಾನೇ, ಬುರುಡೆಯೇ ಕೆಟ್ಟಿದೆ ಎಂದು ಅದನ್ನು ಎತ್ತಿಟ್ಟರು. ಕೊನೆಗೆ ಅನುಮಾನ ಅಡುಗೆಮನೆಗೆ ತಿರುಗಿತು.

"ನಿನ್ನ ಒಗ್ಗರಣೆ ಹೊಗೆ ಕಣೇ ಇದಕ್ಕೆಲ್ಲ ಕಾರಣ!"

ಕಲ್ಯಾಣಮ್ಮ ಒಗ್ಗರಣೆ ಸೌಟು ತೊಳೆದು ಎತ್ತಿಟ್ಟರು. ಅಂದಿನಿಂದ ಒಗ್ಗರಣೆಯಿಲ್ಲದ ಸಾರು. ಆದರೂ ಏಳನೆಯ ದಿನ ಒಂದು ಮೀನು ಸತ್ತು ತೇಲಿತು.

ಎಂಟನೆಯ ದಿನ ಗಂಗಾಧರಯ್ಯನವರು ಡ್ರಮ್ಮಿನ ಮುಚ್ಚಳ ತೆಗೆದರು. ತಳ ಕಾಣಬೇಕಾಗಿದ್ದ ಡ್ರಮ್ಮು ಬಾಯಿಮಟ್ಟ ತುಂಬಿದೆ! ಹನಿ ಬೀಳುತ್ತಲೇ ಇದೆ, ನೀರು ಇಳಿದೇ ಇಲ್ಲ. ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡರು. ಅಪ್ಪಟ ನಲ್ಲಿ ನೀರು.

"ಕಲ್ಯಾಣಿ, ಈ ಡ್ರಮ್ಮಿಗೆ ಯಾರಾದ್ರೂ ಕೈ ಹಾಕಿದ್ರಾ?"

"ನಾನೇ ರೀ. ದಿನ ಬಿಟ್ಟು ದಿನ ಮಧ್ಯಾಹ್ನ ನಲ್ಲಿ ಬರುತ್ತಲ್ಲ, ನೀವು ಡ್ಯೂಟೀಲಿರ್ತೀರ. ಹಂಡೆ, ಕೊಡ ಎಲ್ಲದರ ಹಳೇ ನೀರು ಚೆಲ್ಲಿ ಹೊಸದು ಹಿಡೀತೀನಿ. ಇದನ್ನ ಮಾತ್ರ ಹುಳ ಬೀಳೋ ಹಾಗೆ ಬಿಡಕ್ಕಾಗುತ್ತಾ? ನೀವಂತೂ ಬಗ್ಗಬಾರದು. ಚೊಂಬಲ್ಲಿ ಹಳೇದನ್ನ ಎತ್ತೆತ್ತಿ ಚೆಲ್ಲಿ ಹೊಸದು ಹೊಯ್ದೆ."

ಕಲ್ಯಾಣಮ್ಮನವರ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಗಂಗಾಧರಯ್ಯನವರಿಗೆ ಸಿಟ್ಟು ಬರಬೇಕೋ ಅಳು ಬರಬೇಕೋ ತಿಳಿಯಲಿಲ್ಲ.

"ಡ್ರಮ್ಮಲ್ಲಿ ಇದ್ದದ್ದು ಉಪ್ಪುನೀರು ಕಣೇ."

ಕಲ್ಯಾಣಮ್ಮ ತೊಟ್ಟಿಯನ್ನೊಮ್ಮೆ, ಡ್ರಮ್ಮನ್ನೊಮ್ಮೆ ನೋಡಿದರು. "ಉಪ್ಪು ತೊಟ್ಟೀಲಿ ಇದೆಯಲ್ಲ, ಡ್ರಮ್ಮಲ್ಲೂ ಇರುತ್ತೆ ಅಂತ ನನಗೇನು ಗೊತ್ತು? ಹಾಗಾದ್ರೆ ಆ ಮೀನನ್ನ ನಾನೇ..." ಎಂದವರು ಅಲ್ಲೇ ನೆಲದ ಮೇಲೆ ಕುಸಿದು ಕೂತರು. ತಲೆಯೆತ್ತಿ ಕೇಳಿದರು: "ಬೀದಿಯವರಿಗೆಲ್ಲ ಒಂದೊಂದು ಹನಿ ಎಣಿಸಿ ತೋರಿಸಿದ್ರಿ. ನನಗೊಂದು ಮಾತು ಹೇಳಬಾರದಿತ್ತಾ?"

ಗಂಗಾಧರಯ್ಯನವರು ಡ್ರಿಪ್ಪಿನ ಚಕ್ರ ತಿರುಗಿಸಿ ಹನಿ ನಿಲ್ಲಿಸಿದರು. ಉಪ್ಪಿನ ಪುಡಿಯ ಪೊಟ್ಟಣ, ತಕ್ಕಡಿ, ಎತ್ತಿಟ್ಟಿದ್ದ ಗಾಜಿನ ಬುರುಡೆ, ಮೂರನ್ನೂ ತಂದು ಹೆಂಡತಿಯ ಮುಂದಿಟ್ಟು, ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ಮೆಲ್ಲಗೆ ತಾವೂ ನೆಲದ ಮೇಲೆ ಕೂತರು.