ಜಿಗಣಿಯಲ್ಲೊಂದು ಹಸಿ ಇಟ್ಟಿಗೆಯ ಕೋಟೆ

ಪೀಣ್ಯದಿಂದ ನಾನು ಹೊರಟದ್ದು ಭಾನುವಾರ ಬೆಳಿಗ್ಗೆ ಏಳಕ್ಕೆ. ಚೀಲದಲ್ಲಿ ಎರಡು ಸೀರೆ, ಎಲೆ ಅಡಿಕೆ, ಇಟ್ಟಿಗೆ ಹಾಕುವ ಮರದ ಅಚ್ಚು. ಕರೆದವಳು ಶಿಲ್ಪಾ. ನಮ್ಮ ವಠಾರದಲ್ಲೇ ಬೆಳೆದ ಹುಡುಗಿ, ಈಗ ಜಿಗಣಿಯ ಶಾಲೆಯೊಂದರಲ್ಲಿ ಟೀಚರು. ಪ್ರಪಂಚದ ಮೊದಮೊದಲ ಪಟ್ಟಣಗಳ ಪಾಠ ಮಾಡುವಾಗ, ಆ ಕಾಲದವರಂತೆ ನಾವೂ ಹಸಿ ಇಟ್ಟಿಗೆಯ ಮೇಲೆ ಬರೆದು ಕೋಟೆಗೋಡೆ ಕಟ್ಟೋಣ ಎಂದು ಮಕ್ಕಳಿಗೆ ಮಾತು ಕೊಟ್ಟುಬಿಟ್ಟಿದ್ದಳು. ಎರಡು ಸಲ ಮಾಡಿದರು, ಎರಡು ಸಲವೂ ಇಟ್ಟಿಗೆ ಸೀಳಿಹೋದವು.

"ಅಜ್ಜಿ, ಶನಿವಾರ ಮಕ್ಕಳ ಅಪ್ಪ ಅಮ್ಮ ಎಲ್ಲ ನೋಡೋಕೆ ಬರ್ತಾರೆ. ಈ ಸಲಾನೂ ಒಡೆದ್ರೆ ಥರ್ಮಾಕೋಲಲ್ಲಿ ಮಾಡಿ ಮುಗ್ಸಿ ಅಂದ್ಬಿಟ್ಟಿದಾರೆ ಹೆಡ್ ಮೇಡಂ" ಎಂದು ಫೋನಿನಲ್ಲಿ ಗೋಳಾಡಿದಳು. ಹದಿನೆಂಟು ವರ್ಷ ಇಟ್ಟಿಗೆ ಗೂಡಿನಲ್ಲಿ ಬಗ್ಗಿದ ಸೊಂಟ ನನ್ನದು. ಥರ್ಮಾಕೋಲಿನ ಕೋಟೆ ಎಂದಾಗ ಸಿಟ್ಟು ಬಂತು. ಬರುತ್ತೇನೆ ಎಂದೆ.

ಮೆಟ್ರೋದಲ್ಲಿ ಬೊಮ್ಮಸಂದ್ರಕ್ಕೆ ತೊಂಬತ್ತು ರೂಪಾಯಿ. ಬಾಗಿಲಲ್ಲಿ ಚೀಲ ತಪಾಸಣೆ ಮಾಡುವ ಹುಡುಗಿ ಅಚ್ಚನ್ನು ಹೊರಗೆ ತೆಗೆದಳು.

"ಇದೇನ್ ಅಜ್ಜಿ, ಪೆಟ್ಟಿಗೇಗೆ ತಳಾನೇ ಇಲ್ಲ?"

"ಇಟ್ಟಿಗೆ ಅಚ್ಚು ಕಣವ್ವ. ಊರು ಕಟ್ಟಾಕೆ ಓಯ್ತಾ ಇವ್ನಿ."

"ಕಟ್ಟಿರೋ ಊರಲ್ಲೇ ಬಾಡ್ಗೆಗೆ ಮನೆ ಸಿಗ್ತಿಲ್ಲ, ಒಂದು ರೂಮು ನಂಗೂ ಇಟ್ಟಿರಿ" ಎಂದು ನಕ್ಕು ಒಳಗೆ ಬಿಟ್ಟಳು.

ಆರ್.ವಿ. ರಸ್ತೆಯಲ್ಲಿ ಗಾಡಿ ಬದಲಾಯಿಸಿದೆ. ಬೊಮ್ಮಸಂದ್ರದಿಂದ ಜಿಗಣಿಗೆ ಬಸ್ಸು, ಆಧಾರ್ ತೋರಿಸಿದ್ದಕ್ಕೆ ಟಿಕೆಟ್ ಪುಕ್ಕಟೆ. ದಾರಿಯುದ್ದಕ್ಕೂ ಕಲ್ಲು ಕೊಯ್ಯುವ ಶೆಡ್ಡುಗಳು, ಬಿಳಿ ಧೂಳು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಶಿಲ್ಪಾ ತನ್ನ ರೂಮಿಗೆ ಕರೆದೊಯ್ದು ಚಿತ್ರಾನ್ನ ಹಾಕಿದಳು. ಉಪ್ಪು ಕಡಿಮೆ, ಹೇಳಿದೆ.

ಅವಳ ಒಡೆದ ಇಟ್ಟಿಗೆಗಳು ಶಾಲೆಯ ಹಿಂದೆ ಬಿದ್ದಿದ್ದವು. ಬರೀ ಜೇಡಿಮಣ್ಣು. ನೆನೆಸಿಲ್ಲ, ಹೊಟ್ಟು ಹಾಕಿಲ್ಲ, ತಂದು ನಡುಬಿಸಿಲಿಗೆ ಒಣಗಿಸಿದ್ದಾಳೆ. ಒಡೆಯದೆ ಇನ್ನೇನು ಮಾಡಿಯಾವು? ಅವತ್ತು ಸಂಜೆಯೇ ಮಣ್ಣಿಗೆ ಮರಳು, ಭತ್ತದ ಹೊಟ್ಟು ಸೇರಿಸಿ ನೀರು ಕಟ್ಟಿ ನೆನೆಯಲು ಬಿಟ್ಟೆವು.

ಸೋಮವಾರ ನಲವತ್ತು ಮಕ್ಕಳು ಮಣ್ಣು ತುಳಿದರು. ನಾನು ಮರದ ನೆರಳಲ್ಲಿ ಕೂತು ಅಚ್ಚು ಹಾಕಿದೆ, ಇನ್ನೂರು ಇಟ್ಟಿಗೆ. ಆ ಮೊದಲ ಪಟ್ಟಣಗಳು ಹುಟ್ಟಿದ, ಎರಡು ನದಿಗಳ ನಡುವಿನ ಸೀಮೆಯಲ್ಲಿ ಕಲ್ಲು ಕಮ್ಮಿ, ಒಳ್ಳೆಯ ಮರ ಕಮ್ಮಿ, ಮಣ್ಣೊಂದು ಬೇಕಾದಷ್ಟು. ಮನೆ ಕಟ್ಟಿದ್ದೂ ಮಣ್ಣಿನಲ್ಲೇ, ಬರೆದದ್ದೂ ಮಣ್ಣಿನ ಮೇಲೇ ಎಂದು ಶಿಲ್ಪಾ ಹೇಳುತ್ತಿದ್ದಳು. ಮಕ್ಕಳು ಕಡ್ಡಿಯಲ್ಲಿ ತಂತಮ್ಮ ಹೆಸರು, ಊರಿನ ಹೆಸರು ಬರೆದು ಊಟಕ್ಕೆ ಓಡಿದರು.

ಆಗ ನಾನು ಎಡವಟ್ಟು ಮಾಡಿದೆ. ಗೂಡಿನಲ್ಲಿ ಹತ್ತು ಜೋಡಿ ಗಂಡ ಹೆಂಡಿರು ಒಂದೇ ಅಂಗಳದಲ್ಲಿ ಇಟ್ಟಿಗೆ ಹಾಕುತ್ತಿದ್ದೆವು. ಯಾರ ಸಾಲು ಯಾರದೆಂದು ತಿಳಿಯಲು ಒಬ್ಬೊಬ್ಬರದು ಒಂದು ಗುರುತು. ನಮ್ಮದು ಎರಡು ಬೆರಳಿನ ಗೀಟು. ಸಾಲು ಮುಗಿದರೆ ಕೈ ತಾನಾಗಿ ಹೋಗುತ್ತದೆ. ಇನ್ನೂರಕ್ಕೂ ಎಳೆದುಬಿಟ್ಟೆ, ಮಕ್ಕಳು ಬರೆದಿದ್ದರ ಮೇಲೇ.

ಮೊದಲು ನೋಡಿದವಳು ರೇಣುಕಾ. ರಾಯಚೂರು ಕಡೆಯ ಹುಡುಗಿ, ಅಪ್ಪನಿಗೆ ಕಲ್ಲಿನ ಶೆಡ್ಡಿನಲ್ಲಿ ಕೆಲಸ. "ಏ ಅಜ್ಜಿ, ನನ್ನ ಹೆಸರೆಲ್ಲಾ ಅಳಿಸಿಬಿಟ್ಟಿಯಲ್ಲ! ಏನ್ ಮಾಡಿದಿ ಇದು?" ಎಂದು ಬಾಯಿ ಮಾಡಿದಳು. ಇನ್ನಿಬ್ಬರು ಅಳುವುದಕ್ಕೇ ಶುರು.

"ತಪ್ಪು ನಂದೇ. ಮಣ್ಣು ಇನ್ನಾ ಅಸಿ ಐತೆ, ಸವರಿಕೊಡ್ತೀನಿ, ತಿರ್ಗಾ ಬರ್ಕಳಿ" ಎಂದು ಕೈ ಒದ್ದೆ ಮಾಡಿಕೊಂಡೆ.

ಶಿಲ್ಪಾ ಕೈ ಹಿಡಿದಳು. "ಸವರಬೇಡಿ ಅಜ್ಜಿ. ಮಕ್ಕಳೇ, ಅಕ್ಷರ ಹುಟ್ಟೋಕೆ ಮುಂಚೆ ಅಲ್ಲಿ ಜನ ಮಣ್ಣಿನ ಮೇಲೆ ಇಂಥ ಗುರುತೇ ಹಾಕ್ತಿದ್ರು. ಅಕ್ಷರ ಬಂದಿದ್ದು ಆಮೇಲೆ. ಗೀಟು ಇರಲಿ, ಅದರ ಕೆಳಗೆ ಬರೀರಿ."

"ಅಂದ್ರ ಈ ಅಜ್ಜಿ ಅಕ್ಷರಕ್ಕಿಂತ ಮೊದಲಿನಾಕಿ?" ಎಂದಳು ರೇಣುಕಾ.

"ಊ ಕಣೇ, ನಿಮ್ ಮೇಡಮ್ಮಂಗೆ ಪಾಠ ಬರ್ಕೊಟ್ಟೋಳು ನಾನೇಯ" ಎಂದೆ. ಅಳುತ್ತಿದ್ದವೂ ನಕ್ಕವು. ಕೂತು ಮತ್ತೆ ಬರೆದವು.

ಎರಡು ದಿನ ನೆರಳಲ್ಲಿ ಒದ್ದೆ ಗೋಣಿ ಹೊದಿಸಿಟ್ಟೆ. ಆಮೇಲೆ ಮಗ್ಗುಲಿಗೆ ನಿಲ್ಲಿಸಿ ಗಾಳಿಗೆ, ಶುಕ್ರವಾರ ಬಿಸಿಲಿಗೆ. ಶಿಲ್ಪಾ ಗಳಿಗೆಗೊಂದು ಸಲ ಬಂದು ಮುಟ್ಟಿ ನೋಡುತ್ತಿದ್ದಳು. "ಅನ್ನ ಬೆಂದೈತಾ ಅಂತ ನೋಡ್ದಂಗೆ ನೋಡ್ಬ್ಯಾಡ, ಓಗು" ಎಂದು ಗದರಿಸಿದೆ. ಅವಳು ಅತ್ತ ಹೋದ ಮೇಲೆ ನಾನೂ ಒಂದೊಂದನ್ನೇ ಮುಟ್ಟಿ ನೋಡಿದೆ. ಕೊನೆಗೆ ಸೀಳಿದ್ದು ಒಂಬತ್ತೇ.

ಶನಿವಾರ ಬೆಳಿಗ್ಗೆ ಮಕ್ಕಳೇ ಕೆಸರು ಹಾಕಿ ಎರಡು ಇಟ್ಟಿಗೆ ದಪ್ಪಕ್ಕೆ ಗೋಡೆ ಕಟ್ಟಿದರು. ಬರಹ ಹೊರಗೆ ಕಾಣುವಂತೆ ಇಟ್ಟಿಗೆ ನಿಲ್ಲಿಸಿದರೆ ಗೋಡೆ ಬೀಳುತ್ತದೆ ಎಂದು ಹೇಳಿ, ಎಲ್ಲವನ್ನೂ ಮಲಗಿಸಿ ಹಾಸಿಸಿದೆ; ಬರಹ ಕಂಡದ್ದು ಮೇಲಿನ ವರಸೆಯದು ಮಾತ್ರ. ಮಿಕ್ಕವರ ಹೆಸರು ಗೋಡೆಯೊಳಗೆ. ತೊಡೆಯೆತ್ತರ ಬಂತು. ಹೆಡ್ ಮೇಡಂ ದೂರದಲ್ಲೇ ನಿಂತು, "ಬೀಳಲ್ಲ ತಾನೆ?" ಎಂದರು.

"ತಳ್ಳಿ ನೋಡಿ."

ಮೊದಲು ಬೆರಳಿಂದ, ಆಮೇಲೆ ಅಂಗೈಯಿಂದ ತಳ್ಳಿದರು. ಥರ್ಮಾಕೋಲಿನ ಮಾತು ಎತ್ತಲಿಲ್ಲ. ಅಪ್ಪ ಅಮ್ಮಂದಿರು ಬಂದರು. ತನ್ನ ಇಟ್ಟಿಗೆ ಗೋಡೆಯೊಳಗೆ ಎಲ್ಲಿದೆ ಎಂದು ರೇಣುಕಾ ಅಪ್ಪನಿಗೆ ತೋರಿಸಿದಳು. ಕಾಣದ ಇಟ್ಟಿಗೆಯನ್ನು ಆತ ಬಹಳ ಹೊತ್ತು ನೋಡಿದ.

ಮೂರು ಗಂಟೆಗೆ ಬಸ್ಸು ಹತ್ತಿದೆ. ಶಾಲೆಯ ಮುಂದೆ ಹಾದುಹೋಗುವಾಗ ಕಾಂಪೌಂಡಿನ ಮೇಲೆ ಐದಾರು ತಲೆ ಕಂಡವು. ಅಷ್ಟೆತ್ತರದ ಮಕ್ಕಳು ಆ ಶಾಲೆಯಲ್ಲಿಲ್ಲ. ಕೋಟೆ ಹತ್ತಿ ಕುಣಿಯುತ್ತಿದ್ದವು. "ಇಳೀರ್ರೋ!" ಎಂದು ಕಿಟಕಿಯಿಂದ ಕೂಗಿದೆ, ಕೇಳಿಸಲಿಲ್ಲ. ಗೋಡೆ ಈಗ ಕುಸಿಯುತ್ತದೆ, ಆಗ ಕುಸಿಯುತ್ತದೆ ಎಂದು ಬಸ್ಸು ತಿರುಗುವವರೆಗೂ ನೋಡಿದೆ. ಒಂದು ತಲೆಯೂ ಕೆಳಗಿಳಿಯಲಿಲ್ಲ.