ಬನ್ನಿಗಿಡದ ಬುಡದ ಆರನೆಯ ಕಲ್ಲು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆಗ ನನಗೆ ಏಳೋ ಎಂಟೋ ವರ್ಷ. ಚಕ್ಕಡಿಯ ಹಿಂಬದಿಗೆ ಕೂತಿದ್ದೆನೆಂದು ನೆನಪು. ಧೂಳಿತ್ತು, ನಿದ್ದೆಯೂ ಬಂದಿತ್ತು. ಆದರೆ ಚಿಗವ್ವ, ಅಂದರೆ ಅವ್ವನ ತಂಗಿ, ನಮ್ಮ ಹಿಂದೆ ಓಡಿ ಬಂದದ್ದು ಖಂಡಿತ. ಕೈಯಲ್ಲಿ ಏನೋ ಇತ್ತು. ಅದು ಅವಳ ಬಟ್ಟೆಯ ಗಂಟು, ನಮ್ಮೊಡನೆ ಬರಲೆಂದೇ ಓಡಿ ಬಂದಳು ಎಂದು ಇಷ್ಟು ವರ್ಷ ನಂಬಿದ್ದೇನೆ.

ಪುಣೆಯಲ್ಲಿ ಬಿ.ಎ. ಮುಗಿಸಿ ಈ ಸಲದ ಎಳ್ಳಮಾವಾಸ್ಯೆಗೆ ಬಾದಾಮಿ ಸ್ಟೇಷನ್ನಿನಲ್ಲಿ ಇಳಿದೆ. ಸೋದರಮಾವ ಚಕ್ಕಡಿ ತಂದಿದ್ದ. ಕೆಂಪು ಬಂಡೆಗಳ ನಡುವಿನ ಕಣಿವೆಯಲ್ಲಿ ಅಜ್ಜನ ಹೊಲ ಹಾಗೆಯೇ ಇದೆ: ಎದೆಯೆತ್ತರದ ಜೋಳ, ಅಂಚಿಗೆ ಕುಸುಬಿ, ಬಂಡೆಯ ಬುಡದಲ್ಲಿ ಬತ್ತದ ಒರತೆ.

"ನೋಡ ಯವ್ವಾ, ಒಂದ ಕಲ್ಲ ಸರದಿಲ್ಲ," ಎಂದು ಮಾವ ಹೆಮ್ಮೆಪಟ್ಟ. ಆ ಚೆಲುವು ಕಂಡೇ ನನಗೆ ಸಿಟ್ಟು ಬಂತು. ಇಲ್ಲಿ ಏನೂ ಆಗಿಯೇ ಇಲ್ಲ ಎಂಬಂತೆ ಇತ್ತು ಅದು.

ನಾನು ಚಕ್ಕಡಿಯ ಹಿಂಬದಿಗೆ ಕೂತಿದ್ದ ಆ ಎಳ್ಳಮಾವಾಸ್ಯೆ, ಗಂಡ ತೀರಿಕೊಂಡು ಚಿಗವ್ವ ತವರಿಗೆ ಬಂದ ವರ್ಷದ್ದು. ಹಬ್ಬದಡುಗೆಯನ್ನೆಲ್ಲ ಮಾಡಿದವಳು ಅವಳೇ: ಸಜ್ಜೆಯ ಕಡಬು, ಎಣ್ಣೆಗಾಯಿ, ಪುಂಡಿಪಲ್ಯ. ಆ ಅಡುಗೆಯನ್ನು ಭೂಮಿತಾಯಿಗೆಂದು ಹೊಲದ ಸುತ್ತ ಎರಚುವುದೇ ಚರಗ. ಹಣೆಗೆ ಕುಂಕುಮವಿಲ್ಲದವಳು ಚರಗ ಮುಟ್ಟಬಾರದೆಂದು ಅಜ್ಜಿ ಅವಳನ್ನು ಒಲೆಯ ಬಳಿಯೇ ಕೂರಿಸಿದಳು. ಸಂಜೆ ಮನೆಗೆ ಮರಳಲು ನಾವೆಲ್ಲ ಚಕ್ಕಡಿ ಏರಿದೆವು. ದನ ನೋಡಿಕೊಂಡಿರಲಿ ಎಂದು ಅಜ್ಜ ಅವಳನ್ನು ಹೊಲದ ಗುಡಿಸಲಲ್ಲೇ ಬಿಟ್ಟ. ಕೆಲವು ವರ್ಷಗಳ ಮೇಲೆ ಅಲ್ಲಿಯೇ ಜ್ವರ ಬಂದು ಸತ್ತಳು.

ಮಾವ ಹೇಳುವುದೇ ಬೇರೆ. ಅವಳೇ ಬಯಸಿ ಉಳಿದಳಂತೆ, ಅವಳಿಗೆ ಹೊಲ ಭಾಳ ಸೇರುತ್ತಿತ್ತಂತೆ. ನಾವು ಮರೆತ ತಾಮ್ರದ ತಂಬಿಗೆ ಕೊಡಲು ಓಡಿ ಬಂದಿದ್ದಳಂತೆ. ಆ ತಂಬಿಗೆ ಮನೆಯಲ್ಲಿ ಈಗಲೂ ಇದೆ. ಅದನ್ನು ನೋಡಿದಾಗೆಲ್ಲ ನನ್ನ ನೆನಪಿನ ಗಂಟು ಸಡಿಲವಾಗುತ್ತದೆ.

ಬನ್ನಿಗಿಡದ ಬುಡದಲ್ಲಿ ಪಾಂಡವರೆಂದು ಐದು ಕಲ್ಲಿಟ್ಟು, ಸುಣ್ಣ ಬಳಿದು ಪೂಜಿಸುವುದು ನಮ್ಮ ಪದ್ಧತಿ. ಒಂದು ಕಲ್ಲೂ ಸರಿದಿಲ್ಲ ಎಂದವನ ಗಿಡದ ಕೆಳಗೆ ಈಗ ಒಂದು ಕಲ್ಲು ಹೆಚ್ಚಾಗಿತ್ತು. ಅದಕ್ಕೆ ಮಾವ ತಾನೇ ಸುಣ್ಣ ಬಳಿದ, ಮೊದಲ ಕಡಬು ಅದರ ಮುಂದಿಟ್ಟ.

"ಇದು ನಿಮ್ಮ ಚಿಗವ್ವಂದು. ಆಕಿಗೆ ಎಡಿ ಕೊಟ್ಟ ಮ್ಯಾಲನ ನಾವು ಚರಗ ಚೆಲ್ಲೂದು."

ಇದ್ದಾಗ ಚರಗದ ಬುಟ್ಟಿ ಮುಟ್ಟಗೊಡದವರು ಸತ್ತ ಮೇಲೆ ಮೊದಲ ಎಡೆ ಕೊಡುತ್ತಾರೆ! ನನ್ನ ಬಾಳೆಲೆಯ ಕಡಬನ್ನು ನಾನು ಮುಟ್ಟಲಿಲ್ಲ. ತಾನಾಗಿ ಉಳಿದವಳಿಗೆ ಯಾರಾದರೂ ಹೀಗೆ ಕಲ್ಲಿಡುತ್ತಾರೆಯೇ? ಇದು ನನ್ನ ತರ್ಕ ಮಾತ್ರ, ಸಾಕ್ಷಿಯಲ್ಲ. ಅದಕ್ಕೇ, ಎತ್ತು ಹೂಡುವಾಗ ಮಾವನನ್ನೇ ಕೇಳಿದೆ. ಎತ್ತಿನ ಕೊರಳನ್ನು ನೊಗಕ್ಕೆ ಬಿಗಿದಿದ್ದ ಜತ್ತಿಗೆಯನ್ನೇ ಅವನು ಮತ್ತೆ ಬಿಗಿದ. ನಾನು ಕೇಳಿದ್ದು ಇಷ್ಟೇ:

"ಮಾವಾ, ಖರೆ ಹೇಳು, ಅವತ್ತ ಆಕಿ ಕೈಯಾಗ ಇದ್ದದ್ದು ತಂಬಿಗಿನೋ, ಗಂಟೋ?"