ಬಾಯಿ ತೆರೆದು ಉಣಿಸುವ ದೊಡ್ಡಬಸಮ್ಮ

ಬೆಳಗಿನ ಐದೂವರೆ. ಬಳ್ಳಾರಿಯ ಸತ್ಯನಾರಾಯಣಪೇಟೆಯ ಒಳರಸ್ತೆಯೊಂದರಲ್ಲಿರುವ ವೃದ್ಧಾಶ್ರಮದ ಹಿತ್ತಲಲ್ಲಿ ದೊಡ್ಡಬಸಮ್ಮ ರಾತ್ರಿ ಒದ್ದೆಯಾದ ಬೆಡ್‌ಶೀಟುಗಳನ್ನು ಸೋಪಿನ ನೀರಿನಲ್ಲಿ ನೆನೆಸುತ್ತಿದ್ದಾರೆ. ಆರನೆಯದು ಬಕೆಟ್ಟಿಗೆ ಇಳಿಯುವಾಗ ಒಳಗೆ ಯಾರೋ ಕೆಮ್ಮುತ್ತಾರೆ. ಎರಡೇ ಸಲ. ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು, ಸೀರೆಗೆ ಕೈ ಒರೆಸಿಕೊಳ್ಳುತ್ತ ಅವರು ಒಳಗೆ ಓಡುತ್ತಾರೆ.

ಕೆಮ್ಮಿದವರು ಮೋಕದ ಚಿದಾನಂದಪ್ಪ. ವಯಸ್ಸು ಎಂಬತ್ತೊಂದು. ಜೀನ್ಸ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಟ್ಟೆ ಕತ್ತರಿಸಿದವರು. ಕಂಕುಳಲ್ಲಿ ಥರ್ಮಾಮೀಟರ್ ಸಿಕ್ಕಿಸಿಕೊಂಡು ಅವರು ಪೇಪರಿಗೆ ಬರೆಯಲು ಬಂದ ನನ್ನ ಕಡೆ ನೋಡಿ ಗೊಣಗುತ್ತಾರೆ: “ಬೀಡಿ ಸೇದಿದವನ ಕೆಮ್ಮಿಗೂ ಕಡ್ಡಿ ಇಡ್ತಾಳ ನೋಡ್ರಿ ಈಕಿ. ನಾಳೆ ನಾ ಆಕಳಿಸಿದ್ರ ಆಂಬುಲೆನ್ಸ್ ಕರೀತಾಳ.”

ದೊಡ್ಡಬಸಮ್ಮ ನಗುವುದಿಲ್ಲ. ಥರ್ಮಾಮೀಟರನ್ನು ಬೆಳಕಿಗೆ ಹಿಡಿದು ಒಮ್ಮೆ ನೋಡುತ್ತಾರೆ, ಕಣ್ಣುಜ್ಜಿಕೊಂಡು ಮತ್ತೊಮ್ಮೆ ನೋಡುತ್ತಾರೆ. ಜ್ವರವಿಲ್ಲ. ಹಿತ್ತಲಿಗೆ ಮರಳಿ ಏಳನೆಯ ಬೆಡ್‌ಶೀಟು ಎತ್ತಿಕೊಳ್ಳುತ್ತಾರೆ. ನಾಲ್ಕು ವರ್ಷಗಳಿಂದ ಈ ಮನೆಯಲ್ಲಿ ಯಾರು ಕೆಮ್ಮಿದರೂ ಇದೇ ಓಟ.

ಕುರುಗೋಡಿನ ದೊಡ್ಡಬಸಮ್ಮನವರಿಗೆ ಈಗ ನಲವತ್ತೆರಡು. ಮಗಳು ಅಕ್ಷತಾ ಹೊಟ್ಟೆಯಲ್ಲಿದ್ದಾಗಲೇ ಗಂಡ ತೀರಿಕೊಂಡರು. ಕೂಸಿಗೆ ಎರಡು ತುಂಬುವವರೆಗೆ ಹೊಲದ ಕೆಲಸಕ್ಕೆ ಹೋದರು, ಆಮೇಲೆ ಮಗಳನ್ನು ತಾಯಿಯ ಹತ್ತಿರ ಬಿಟ್ಟು ಇಲ್ಲಿಗೆ ಬಂದರು. ಈಗ ಇಲ್ಲಿ ಹತ್ತೊಂಬತ್ತು ಮಂದಿ ವೃದ್ಧರಿದ್ದಾರೆ. ನೋಡಿಕೊಳ್ಳಲು ಇಬ್ಬರೇ ಆಯಾಗಳು. ಹತ್ತು ಮಂದಿಗೆ ಕೈಯಾರೆ ಉಣಿಸಬೇಕು, ಒಬ್ಬೊಬ್ಬರಿಗೂ ಇಪ್ಪತ್ತು ನಿಮಿಷಕ್ಕೆ ಕಡಿಮೆಯಾಗದು. ಕೊನೆಯವರ ಬಾಯಿ ಒರೆಸುವ ಹೊತ್ತಿಗೆ ಮೊದಲನೆಯವರು ಮತ್ತೆ ಹಸಿವೆ ಎನ್ನುತ್ತಾರೆ.

ಉಣಿಸುವ ರೀತಿಯೂ ನೋಡುವಂಥದ್ದು. ಜೋಳದ ನುಚ್ಚಿನ ಗಂಜಿಯ ಚಮಚ ಎತ್ತಿ, ಮಂಚದ ಅಂಚಿಗೆ ಕೂತು, ಮುಖಕ್ಕೆ ಮುಖ ಕೊಟ್ಟು ದೊಡ್ಡಬಸಮ್ಮ ತಾವೇ “ಆ...” ಎಂದು ಬಾಯಿ ತೆರೆಯುತ್ತಾರೆ. ಎದುರಿನವರೂ ತೆರೆಯುತ್ತಾರೆ. ಕೂಸಿಗೆ ಉಣಿಸಿದ ಯಾವ ತಾಯಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ನೆನಪು ಹೋದವರು ಹಸಿವೆಯನ್ನೂ ಮರೆತಿರುತ್ತಾರೆ, ನುಂಗುವುದನ್ನೂ ಮರೆತಿರುತ್ತಾರೆ. ಎದುರಿಗೆ ತೆರೆದ ಬಾಯಿ ಕಂಡರೆ ಮಾತ್ರ ಅವರ ಬಾಯಿ ತಾನಾಗಿ ತೆರೆಯುತ್ತದೆ.

ಕೊರೊನಾದ ಎರಡನೇ ಅಲೆ ಬಂದ ವರ್ಷ, 2021ರ ಮೇ ತಿಂಗಳಲ್ಲಿ, ಇಲ್ಲಿ ಇಪ್ಪತ್ತೆರಡು ಮಂದಿ ಇದ್ದರು. ಲಾಕ್‌ಡೌನ್ ಶುರುವಾದ ದಿನವೇ ಆಶ್ರಮ ನಡೆಸುವ ಚಂದ್ರಣ್ಣ ಗೇಟಿಗೆ ಬೀಗ ಹಾಕಿಸಿದರು. ಕೆಲಸದವರೂ ಒಳಗೇ ಇರಬೇಕು, ಮನೆಗೆ ಹೋಗುವಂತಿಲ್ಲ. ದೊಡ್ಡಬಸಮ್ಮ ಹದಿನೈದು ದಿನ ಹಾಗೇ ಇದ್ದರು. ಆಮೇಲೆ ಕುರುಗೋಡಿನಿಂದ ತಾಯಿಯ ಫೋನು ಬಂತು. ಏಳು ವರ್ಷದ ಅಕ್ಷತಾಳಿಗೆ ಸುಡುವ ಜ್ವರ, ಅನ್ನ ಮುಟ್ಟುತ್ತಿಲ್ಲ, ಅವ್ವ ಬೇಕು ಎಂದು ಅಳುತ್ತಿದ್ದಾಳೆ. ಚಂದ್ರಣ್ಣ ಮೊದಲು ಬೇಡವೆಂದರು. ಆಮೇಲೆ ದೊಡ್ಡಬಸಮ್ಮನವರ ಅಳು ನೋಡಲಾರದೆ, ಒಂದು ರಾತ್ರಿ ಮಾತ್ರ ಎಂದರು.

ಬಸ್ಸಿರಲಿಲ್ಲ. ಹಾಲಿನ ಗಾಡಿ ಹತ್ತಿ ಹೋದರು. ರಾತ್ರಿಯೆಲ್ಲ ಮಗಳು ತೊಡೆಯ ಮೇಲೆ ಮಲಗಿದ್ದಳು. ಬೆಳಗಿನ ಜಾವಕ್ಕೆ ಜ್ವರ ಇಳಿಯಿತು. ಹುಡುಗರಿಗೆ ಬಂದು ಹೋಗುವ ಜ್ವರ ಎಂದುಕೊಂಡರು, ಯಾರೂ ಪರೀಕ್ಷೆ ಮಾಡಿಸಲಿಲ್ಲ. ಬಳ್ಳಾರಿಗೆ ಮರಳಿ, ತಲೆಗೆ ಸ್ನಾನ ಮಾಡಿ, ಸೀರೆ ಬದಲಿಸಿ, ಮಾಸ್ಕ್ ಹಾಕಿಕೊಂಡೇ ವಾರ್ಡಿನೊಳಗೆ ಕಾಲಿಟ್ಟರು.

ಮಾಸ್ಕಿನದೇ ಕಷ್ಟವಾಯಿತು. ಸಿರುಗುಪ್ಪದ ಸಾವಂತ್ರಮ್ಮನಿಗೆ ಆಗ ಎಪ್ಪತ್ತೊಂಬತ್ತು. ತನ್ನ ಹೆಸರೂ ಮರೆತುಹೋಗಿತ್ತು. ಅರ್ಧ ಮುಚ್ಚಿದ ಮುಖ ನೋಡಿ ಹೆದರಿ ತುಟಿ ಬಿಗಿಯುತ್ತಿದ್ದಳು. ಅಲ್ಲಿಯತನಕ ಹೇಗೋ ಒತ್ತಾಯದಿಂದ ನಾಲ್ಕು ಚಮಚ ಒಳಗೆ ಹೋಗುತ್ತಿತ್ತು. ದೊಡ್ಡಬಸಮ್ಮ ಊರಿಂದ ಬರುವಷ್ಟರಲ್ಲಿ ಅದೂ ನಿಂತಿತ್ತು. ಎರಡು ದಿನ ಬರೀ ನೀರು.

“ಮೂರನೇ ದಿನ ತಡಕೊಳ್ಳಾಕ ಆಗ್ಲಿಲ್ರಿ” ಎನ್ನುತ್ತಾರೆ ದೊಡ್ಡಬಸಮ್ಮ. “ಮಾಸ್ಕ್ ಗದ್ದಕ್ಕ ಇಳಿಸಿ ಆ ಅಂದೆ. ಆಕಿನೂ ಆ ಅಂದ್ಲು. ಒಂದು ಬಟ್ಟಲ ಗಂಜಿ ಪೂರಾ ಕುಡಿದ್ಲು. ಗೆದ್ದೆ ಅನಕೊಂಡೆ ನಾನು. ಉಳಿದವರಿಗೂ ಹಂಗ ಮಾಡಿದೆ.”

ಉಳಿದವರೆಂದರೆ ಇನ್ನೂ ಹತ್ತು ಮಂದಿ. ಅದಾದ ಐದನೆಯ ದಿನ ಮೂಲೆಯ ಮಂಚದಲ್ಲಿ ಮೊದಲ ಕೆಮ್ಮು ಕೇಳಿಸಿತು. ವಾರದೊಳಗೆ ಹದಿನೇಳು ಮಂದಿಗೆ ಪಾಸಿಟಿವ್ ಬಂತು. ದೊಡ್ಡಬಸಮ್ಮನವರಿಗೂ ಬಂತು, ಮೂರು ದಿನ ಮೈಕೈ ನೋವಿನಲ್ಲಿ ಹೋಯಿತು. ಆಸ್ಪತ್ರೆಗಳಲ್ಲಿ ಎಲ್ಲರಿಗೂ ಹಾಸಿಗೆ ಸಿಗಲಿಲ್ಲ. ನಾಲ್ವರು ಇಲ್ಲೇ, ಐವರು ಆಸ್ಪತ್ರೆಯಲ್ಲಿ, ಹತ್ತೊಂಬತ್ತು ದಿನದಲ್ಲಿ ಒಂಬತ್ತು ಮಂದಿ ಹೋದರು. ಅವರಲ್ಲಿ ಏಳು ಮಂದಿ ದೊಡ್ಡಬಸಮ್ಮನವರ ಕೈತುತ್ತು ಉಂಡವರು. ಸಾವಂತ್ರಮ್ಮ ಮೂರನೆಯವಳು. ದೇಹ ಮನೆಗೆ ಬರಲಿಲ್ಲ. ಸಿರುಗುಪ್ಪಕ್ಕೆ ಫೋನ್ ಮಾಡಿ ತಿಳಿಸಿದ್ದು ಅಷ್ಟೇ.

ರೋಗ ಯಾರಿಂದ ಬಂತೆಂದು ಯಾರಿಗೂ ಗೊತ್ತಿಲ್ಲ, ಗೊತ್ತಾಗುವಂತೆಯೂ ಇಲ್ಲ. ಚಂದ್ರಣ್ಣನವರನ್ನು ಕೇಳಿದರೆ ಬೆರಳು ಮಡಚುತ್ತಾರೆ. ತರಕಾರಿಯವನು ಬರುತ್ತಿದ್ದ, ಗ್ಯಾಸಿನವನು ಬಂದಿದ್ದ, ತಾವೇ ಅಕ್ಕಿಗೆಂದು ಸಿರುಗುಪ್ಪದ ಮಿಲ್ಲಿಗೆ ಹೋಗಿಬಂದಿದ್ದರು. ಸುಮ್ಮನೆ ಆಕೆ ತನ್ನ ಮೇಲೆ ಎಳೆದುಕೊಳ್ಳುತ್ತಾಳೆ, ಎಷ್ಟು ಹೇಳಿದರೂ ಕೇಳುವುದಿಲ್ಲ ಎನ್ನುತ್ತಾರೆ. ದೊಡ್ಡಬಸಮ್ಮನವರ ಉತ್ತರ ಒಂದೇ: “ಅವರ್ಯಾರೂ ಬಾಯಿ ಹತ್ರ ಬಾಯಿ ತಂದು ಉಣಿಸಿಲ್ಲಲ್ರಿ.”

ಮರುವರ್ಷ ಅವರು ಬಸ್ ಹತ್ತಿ ಸಿರುಗುಪ್ಪಕ್ಕೆ ಹೋಗಿದ್ದರು, ಸಾವಂತ್ರಮ್ಮನ ಮಗಳು ಸುಧಾರಾಣಿಗೆ ಎಲ್ಲ ಹೇಳಿಬಿಡಬೇಕೆಂದು. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ ಎಂದೇ ಹೋದದ್ದು. ಸುಧಾರಾಣಿ ಚಾಪೆ ಹಾಕಿ ಕೂರಿಸಿ, ಚಹಾ ಕೊಟ್ಟು, ಅವ್ವನ ಕಡೆಯ ದಿನಗಳ ಬಗ್ಗೆ ಒಂದೇ ಮಾತು ಕೇಳಿದರು. “ಏನರ ಉಂಡಿದ್ಲೇನ್ರಿ?”

“ಉಂಡಿದ್ಲು ಅಂದೆ. ಆಕಿ ನನ್ನ ಎರಡೂ ಕೈ ಹಿಡಕೊಂಡು ಅತ್ತುಬಿಟ್ಲು. ನಿಮ್ಮ ಪುಣ್ಯ ಅಂದ್ಲು. ಮಾಸ್ಕಿನ ಮಾತು ಎತ್ತದಂಗ ಚಹಾ ಕುಡಿದು ಎದ್ದು ಬಂದೆ.” ಅದನ್ನು ಹೇಳುವಾಗ ದೊಡ್ಡಬಸಮ್ಮ ಬಕೆಟ್ಟಿನ ನೀರನ್ನೇ ನೋಡುತ್ತಿರುತ್ತಾರೆ.

ಇದನ್ನೆಲ್ಲ ಪೇಪರಿನಲ್ಲಿ ಬರೆಯಬಹುದೇ ಎಂದು ಕೇಳಿದಾಗ ಅವರು ಬಕೆಟ್ಟಿಗೆ ಕೈ ಹಾಕುತ್ತಾರೆ. ಎರಡು ಬೆಡ್‌ಶೀಟು ಹಿಂಡಿ ಹರವಿದ ಮೇಲೆ ಹೇಳುತ್ತಾರೆ: “ಬರೀರಿ ಅಕ್ಕ. ಆ ಸುಧಾರಾಣಿ ಓದ್ಲಿ, ಎಲ್ಲಾರೂ ಓದ್ಲಿ. ಆದ್ರ ಅಕ್ಷತಾಗೂ ಓದಾಕ ಬರ್ತೈತಿ ಈಗ. ಮೊದ್ಲು ನನ್ನ ಬಾಯಿಲೆ ಆಕಿಗೆ ಹೇಳ್ತೀನಿ. ನಿಂದೇನೂ ತಪ್ಪಿಲ್ಲ, ನಾ ಮಾಸ್ಕ್ ತೆಗೆದದ್ದು ತಪ್ಪು ಅಂತ. ಅಷ್ಟು ಆಗ್ಲಿ, ಆಮ್ಯಾಲೆ ಬರೀರಿ.”

ತಾಯಿ ತೀರಿಕೊಂಡ ಮೇಲೆ ಮಗಳನ್ನು ತಮ್ಮ ಹತ್ತಿರವೇ ಕರೆತಂದಿದ್ದಾರೆ. ಆಶ್ರಮದ ಹಿಂದಿನ ಒಂದು ಕೋಣೆಯಲ್ಲಿ ಇಬ್ಬರ ವಾಸ. ಅಕ್ಷತಾಳಿಗೆ ಹನ್ನೊಂದು ವರ್ಷ, ಆರನೇ ಇಯತ್ತೆ. ಚುರುಕು ಹುಡುಗಿ. ಚಿದಾನಂದಪ್ಪನಿಗೆ ಪೇಪರು ಓದಿ ಹೇಳುತ್ತಾಳೆ, ಅವರು ಅವಳನ್ನು ಕಲೆಕ್ಟರಮ್ಮ ಎಂದು ಕರೆಯುತ್ತಾರೆ. ಆದರೂ ಮಗಳ ಒಂದು ಗುಣ ದೊಡ್ಡಬಸಮ್ಮನವರಿಗೆ ಅರ್ಥವಾಗಿಲ್ಲ. ಜ್ವರ ಬಂದರೆ ಹೇಳುವುದೇ ಇಲ್ಲ. ಜನವರಿಯಲ್ಲಿ ಸಾಲಿಯಿಂದ ಟೀಚರು ಫೋನ್ ಮಾಡಿದ್ದರು. ಮಗು ಬೆಂಚಿನ ಮೇಲೆ ತಲೆ ಇಟ್ಟಿದ್ದಾಳೆ, ಮೈ ಕೆಂಡದಂತಿದೆ, ಮನೆಯಲ್ಲಿ ಗೊತ್ತಿಲ್ಲವೇ ಎಂದು. ಮೂರು ದಿನದಿಂದ ಇದ್ದ ಜ್ವರ. ಆ ಮೂರು ದಿನವೂ ಹುಡುಗಿ ತಾಯಿಯ ಪಕ್ಕ ಮಲಗದೆ ಬಾಗಿಲ ಹತ್ತಿರ ಚಾಪೆ ಹಾಸಿಕೊಂಡಿದ್ದಳು. ಸೆಖೆ ಎಂದಿದ್ದಳು. ಜನವರಿಯಲ್ಲಿ ಎಂಥ ಸೆಖೆ ಎಂದು ದೊಡ್ಡಬಸಮ್ಮ ಈಗಲೂ ತಲೆ ಆಡಿಸುತ್ತಾರೆ.

ಹತ್ತು ಮಂದಿಯ ಗಂಜಿ ಮುಗಿಯುವಾಗ ಒಂಬತ್ತು ಗಂಟೆ. ಭಾನುವಾರವಾದ್ದರಿಂದ ಸಾಲಿ ಇಲ್ಲ. ದೊಡ್ಡಬಸಮ್ಮ ಮಗಳನ್ನು ಹಿತ್ತಲ ಕಟ್ಟೆಯ ಮೇಲೆ ಮುಂದೆ ಕೂರಿಸಿಕೊಂಡು ತಲೆ ಬಾಚತೊಡಗುತ್ತಾರೆ. ನಾನು ಎದ್ದು ಹೋಗಲು ನೋಡಿದರೆ ಇರ್ರಿ ಎನ್ನುತ್ತಾರೆ. ಬಾಚುತ್ತ ಲಾಕ್‌ಡೌನಿನ ಮಾತು ಎತ್ತುತ್ತಾರೆ. ಬಸ್ಸಿರಲಿಲ್ಲ ಎನ್ನುತ್ತಾರೆ, ಹಾಲಿನ ಗಾಡಿಯ ಡ್ರೈವರ್ ಒಳ್ಳೆಯವನು ಎನ್ನುತ್ತಾರೆ, ಅಜ್ಜಿ ಅಂದು ಬೇಳೆಸಾರು ಮಾಡಿದ್ದಳು ಎನ್ನುತ್ತಾರೆ. ಜಡೆಯ ಮೂರು ಕಾಲು ಹೆಣೆದು, ಬಿಚ್ಚಿ, ಮತ್ತೆ ಹೆಣೆಯುತ್ತಾರೆ.

ಅಕ್ಷತಾ ತಿರುಗಿ ನೋಡುವುದಿಲ್ಲ. ಮೊಣಕಾಲಿನ ಮೇಲೆ ಗದ್ದ ಇಟ್ಟು, ತಾಯಿಯ ಕೈ ನಿಲ್ಲುವವರೆಗೆ ಕಾಯುತ್ತಾಳೆ.

“ಅವ್ವಾ, ಆ ಅಜ್ಜಿಗೋಳು ಸತ್ತಿದ್ದು ನನ್ನ ಜ್ವರದಿಂದೇನು?”